ಬ್ಲ್ಯಾಕ್ ಲಾಡ್ಜಿಗೆ ಎಷ್ಟು ಬಾಗಿಲು?

1990ರ ಏಪ್ರಿಲ್ 19ರ ರಾತ್ರಿ ಅಮೆರಿಕದ ಎಬಿಸಿ ವಾಹಿನಿಯಲ್ಲಿ ಟ್ವಿನ್ ಪೀಕ್ಸ್ ಧಾರಾವಾಹಿಯ ಮೂರನೆಯ ಕಂತು ಬಂತು. ಅಲ್ಲಿಯವರೆಗೆ ಅದೊಂದು ಕೊಲೆ ತನಿಖೆಯ ಕತೆ. ವಾಷಿಂಗ್ಟನ್ ರಾಜ್ಯದಲ್ಲಿ ಸಾಮಿಲ್ಲನ್ನು ನಂಬಿಕೊಂಡ ಒಂದು ಊರು, ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ದಡಕ್ಕೆ ಬಂದ ಲಾರಾ ಪಾಮರ್ ಎಂಬ ಹುಡುಗಿಯ ಹೆಣ, ತನಿಖೆಗೆ ಬಂದ ಎಫ್‌ಬಿಐ ಅಧಿಕಾರಿ ಡೇಲ್ ಕೂಪರ್. ಕಂತಿನ ಕೊನೆಯಲ್ಲಿ ಕೂಪರ್ ಮಲಗಿ ನಿದ್ದೆ ಹೋಗುತ್ತಾನೆ. ಆಮೇಲೆ ಕಾಣುವುದು ಸುತ್ತಲೂ ಕೆಂಪು ಪರದೆ, ಅಂಕುಡೊಂಕು ಪಟ್ಟೆಯ ನೆಲ, ಒಂದು ಬಿಳಿಯ ವೀನಸ್ ಪ್ರತಿಮೆ, ಕುರ್ಚಿಯಲ್ಲಿ ಮುದುಕನಾದ ಕೂಪರ್. ಎದುರಿಗೆ ಕೆಂಪು ಸೂಟಿನ ಗಿಡ್ಡ ಮನುಷ್ಯ, ಪಕ್ಕದಲ್ಲಿ ಸತ್ತುಹೋದ ಲಾರಾಳ ಹಾಗೇ ಇರುವ ಹೆಂಗಸು. ಅವರಿಬ್ಬರ ಮಾತು ಇಂಗ್ಲಿಷೇ, ಆದರೆ ಅರ್ಥವಾಗಲು ಕೆಳಗೆ ಅಕ್ಷರ ಹಾಕಬೇಕಾಗುತ್ತದೆ.

ಮುಂದೆ ಬ್ಲ್ಯಾಕ್ ಲಾಡ್ಜ್ ಎಂಬ ಹೆಸರು ಅಂಟಿಕೊಂಡ ಈ ಕೋಣೆ ಏನು ಎಂಬ ಜಗಳ ಮೂವತ್ತೈದು ವರ್ಷದಿಂದ ನಡೆದಿದೆ. ನರಕ ಎನ್ನುವವರಿದ್ದಾರೆ, ಕೂಪರನ ಮನಸ್ಸು ಎನ್ನುವವರಿದ್ದಾರೆ, ನಿರ್ದೇಶಕ ಡೇವಿಡ್ ಲಿಂಚ್‌ಗೆ ತೋಚಿದ್ದನ್ನು ತೆಗೆದಿದ್ದಾರೆ, ಅರ್ಥ ಹುಡುಕಬೇಡಿ ಎನ್ನುವವರೂ ಇದ್ದಾರೆ. ಈ ಉತ್ತರಗಳೆಲ್ಲ ನೋಡುವ ಕೆಲಸವನ್ನೇ ಬೇಗ ಮುಗಿಸಿಬಿಡುತ್ತವೆ. ಇವತ್ತು ನಾನು ಹೇಳಹೊರಟದ್ದು ಬೇರೆ ದಾರಿ. ಈ ಲೋಕಗಳ ಅರ್ಥವನ್ನು ಕೊನೆಗೆ ಇಟ್ಟುಕೊಳ್ಳೋಣ. ಮೊದಲು ಒಳಗೆ ಹೋಗುವುದು ಹೇಗೆ, ಹೋದವರಿಗೆ ಏನಾಗುತ್ತದೆ, ಹೊರಗೆ ಬರುವುದು ಎಲ್ಲಿಂದ ಎಂದು ನೋಡೋಣ. ಧಾರಾವಾಹಿ ಈ ವಿಷಯದಲ್ಲಿ ಆಶ್ಚರ್ಯವಾಗುವಷ್ಟು ನಿಖರವಾಗಿದೆ. ಕೊಲೆಗಾರ ಯಾರೆಂದು ಹೇಳದೆ ಮಾತಾಡಲು ಸಾಧ್ಯವಿಲ್ಲ. ಇನ್ನೂ ನೋಡದವರು ಈಗಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಕೋಣೆ ಹುಟ್ಟಿದ ಬಗೆ ಮೊದಲು. ಪೈಲಟ್ ಕಂತಿನ ಒಪ್ಪಂದದಲ್ಲಿ ಒಂದು ಷರತ್ತು ಇತ್ತು. ಯುರೋಪಿನಲ್ಲಿ ವಿಡಿಯೊ ಕ್ಯಾಸೆಟ್ ಮಾಡಿ ಮಾರುವುದಕ್ಕೆ ಅದು ಅಲ್ಲಿಗೇ ಮುಗಿಯುವ ಸಿನಿಮಾದಂತೆಯೂ ಇರಬೇಕು, ಅಂದರೆ ಕೊಲೆಗಾರ ಸಿಗುವ ಒಂದು ಕೊನೆ ಬೇಕು. ಲಿಂಚ್‌ಗೂ ಜೊತೆ ಸೃಷ್ಟಿಕರ್ತ ಮಾರ್ಕ್ ಫ್ರಾಸ್ಟ್‌ಗೂ ಕತೆಯನ್ನು ಹಾಗೆ ಮುಗಿಸುವುದು ಬೇಕಿರಲಿಲ್ಲ. ಒಂದು ಸಂಜೆ ಬಿಸಿಲಿಗೆ ಕಾದಿದ್ದ ಕಾರಿನ ಮೇಲೆ ಕೈಯೂರಿ ನಿಂತಾಗ ಕೆಂಪು ಕೋಣೆ ತಲೆಗೆ ಬಂತು ಎಂದು ಲಿಂಚ್ ಹೇಳಿಕೊಂಡಿದ್ದಾರೆ. ಯುರೋಪಿನ ಕೊನೆಗಾಗಿ ಚಿತ್ರಿಸಿದ ದೃಶ್ಯ ಅದು. ‘ಇಪ್ಪತ್ತೈದು ವರ್ಷಗಳ ನಂತರ’ ಎಂದು ಪರದೆಯ ಮೇಲೆ ಬರುತ್ತದೆ. ಚೆನ್ನಾಗಿ ಬಂತೆಂದು ಅದನ್ನೇ ಕತ್ತರಿಸಿ ಮೂರನೆಯ ಕಂತಿನಲ್ಲಿ ಕೂಪರನ ಕನಸಾಗಿ ಸೇರಿಸಿದರು.

ಕೊಲೆಗಾರ ಆತ್ಮ ಬಾಬ್‌ನದೂ ಇಂಥದೇ ಹುಟ್ಟು. ಫ್ರಾಂಕ್ ಸಿಲ್ವಾ ಸೆಟ್ಟಿನಲ್ಲಿ ಸಾಮಾನು ಜೋಡಿಸುವ ಕೆಲಸದಲ್ಲಿದ್ದವರು. ಲಾರಾಳ ಮಂಚದ ಹಿಂದೆ ಕೂತಿರು ಎಂದು ಲಿಂಚ್ ಅವರಿಂದ ಒಂದು ಶಾಟ್ ತೆಗೆಸಿದರು, ಯಾಕೆಂದು ಆಗ ಅವರಿಗೂ ಗೊತ್ತಿರಲಿಲ್ಲ. ಮುಂದೆ ಲಾರಾಳ ತಾಯಿ ಕಿರುಚುವ ದೃಶ್ಯದಲ್ಲಿ ಅದೇ ಸಿಲ್ವಾ ಗೋಡೆಯ ಕನ್ನಡಿಯಲ್ಲಿ ಪ್ರತಿಫಲಿಸಿಬಿಟ್ಟರು. ಬೇರೆಯವರಾಗಿದ್ದರೆ ರೀಟೇಕ್ ಮಾಡುತ್ತಿದ್ದರು.

ಇದರಿಂದ ವ್ಯಾಖ್ಯಾನ ಮಾಡುವವರಿಗೆ ಒಂದು ಪಾಠವಿದೆ. ಮೊದಲ ಕಂತಿನಲ್ಲೇ ಎಲ್ಲ ಯೋಜನೆ ಅಡಗಿತ್ತು, ಲಿಂಚ್ ಬೀಗ ಹಾಕಿ ಇಟ್ಟಿದ್ದರು, ನಾವು ಕೀಲಿ ಹುಡುಕಬೇಕು ಎಂದು ಹೊರಟರೆ ದಾರಿ ತಪ್ಪುತ್ತೇವೆ. ಇಲ್ಲಿ ಚಿತ್ರ ಮೊದಲು ಬರುತ್ತದೆ, ಅದಕ್ಕೊಂದು ಜಾಗ ಮುಂದೆ ಹುಟ್ಟುತ್ತದೆ. ಹಾಗೆಂದ ಮಾತ್ರಕ್ಕೆ ಮನಸೋ ಇಚ್ಛೆ ಅಲ್ಲ. ಒಮ್ಮೆ ಬಂದ ಚಿತ್ರವನ್ನು ಅವರು ಎಂದೂ ಬಿಟ್ಟುಹಾಕುತ್ತಿರಲಿಲ್ಲ. 1990ರ ಆ ಕನಸಿನಲ್ಲೇ ಒಂದು ಕೈಯಿಲ್ಲದ ಮೈಕ್ ಹೇಳುತ್ತಾನೆ: ನಾವು ಜನರ ನಡುವೆ ಬದುಕಿದ್ದೆವು, ನೀವು ಕನ್ವೀನಿಯನ್ಸ್ ಸ್ಟೋರ್ ಅನ್ನುತ್ತೀರಲ್ಲ, ಅದರ ಮೇಲೆ. ಮುಂದಿನ ಮಾತು ಇನ್ನೂ ಮುಖ್ಯ. ಇದ್ದದ್ದನ್ನು ಇದ್ದಹಾಗೇ, ಕೇಳಿದ ಹಾಗೇ ಹೇಳುತ್ತಿದ್ದೇನೆ ಎನ್ನುತ್ತಾನೆ. ಅದು ರೂಪಕ ಎಂದುಕೊಂಡವರು 1992ರ ‘ಫೈರ್ ವಾಕ್ ವಿತ್ ಮಿ’ ಚಿತ್ರದಲ್ಲಿ ಅಂಗಡಿಯ ಮೇಲಿನ ಆ ಕೋಣೆಯನ್ನೇ ಕಂಡರು. 2017ರ ಮೂರನೆಯ ಸೀಸನ್ನಿನಲ್ಲಿ ಅಂಗಡಿಯೂ ಬಂತು, ಹೊರಮೆಟ್ಟಿಲೂ ಬಂತು. ಆ ಮೆಟ್ಟಿಲು ಹತ್ತುವವರು ಹತ್ತುತ್ತಲೇ ಕರಗಿಹೋಗುತ್ತಾರೆ.

ಇನ್ನು ದನಿ. ಕೋಣೆಯ ಮಾತನ್ನು ಮಾಡಿದ ವಿಧಾನ ಹೀಗೆ. ಸಾಲನ್ನು ಮಾಮೂಲಿಯಾಗಿ ಹೇಳಿ ರೆಕಾರ್ಡ್ ಮಾಡುವುದು. ಆ ಟೇಪನ್ನು ಹಿಂದುಮುಂದಾಗಿ ಓಡಿಸಿ ಕೇಳುವುದು. ಕೇಳಿದ ಆ ಅಡ್ಡಾದಿಡ್ಡಿ ಸದ್ದನ್ನು ನಟರು ಬಾಯಿಪಾಠ ಮಾಡಿ ಕ್ಯಾಮೆರಾ ಮುಂದೆ ಹೇಳುವುದು, ನಡೆದಾಟವನ್ನೂ ಹಿಂದುಮುಂದಾಗಿ ಮಾಡುವುದು. ಕೊನೆಗೆ ಇಡೀ ಚಿತ್ರವನ್ನು ಸದ್ದಿನ ಸಮೇತ ತಿರುಗಿಸುವುದು. ಎರಡು ಸಲ ತಿರುಗಿದ್ದರಿಂದ ಮಾತು ಸರಿಯಾಗಬೇಕು. ಆದರೆ ಪೂರ್ತಿ ಸರಿಯಾಗುವುದಿಲ್ಲ, ಏಕೆಂದರೆ ಮನುಷ್ಯನ ಬಾಯಿ ಟೇಪಿನಷ್ಟು ಕರಾರುವಾಕ್ಕಲ್ಲ. ಸರಿಯಾಗದೆ ಉಳಿದದ್ದೇ ಲಾಡ್ಜಿನ ದನಿ. ಗಿಡ್ಡ ಮನುಷ್ಯನ ಪಾತ್ರದ ಮೈಕೆಲ್ ಆ್ಯಂಡರ್ಸನ್‌ಗೆ ಶಾಲೆಯ ದಿನಗಳಿಂದಲೇ ಹಿಮ್ಮುಖ ಮಾತಿನ ಅಭ್ಯಾಸ ಇತ್ತು, ಆದ್ದರಿಂದ ಅವರದು ಉಳಿದವರಿಗಿಂತ ಸಲೀಸು.

ನೀವು ಇದನ್ನು ಮನೆಯಲ್ಲಿ ಕನ್ನಡದಲ್ಲೇ ಮಾಡಿ ನೋಡಬಹುದು. ಅಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಸದ್ದನ್ನು ತಿರುಗಿಸುವ ಸೌಲಭ್ಯ ಇದೆ. ‘ನಾನು ಬರ್ತೀನಿ’ ಎಂದು ರೆಕಾರ್ಡ್ ಮಾಡಿ ತಿರುಗಿಸಿದರೆ ಹೆಚ್ಚುಕಡಿಮೆ ‘ಇನೀತ್ರಬ್ ಉನಾನ್’ ಎಂದು ಕೇಳಿಸುತ್ತದೆ. ಅದನ್ನು ಕಲಿತು ಹೇಳಿ ಮತ್ತೆ ತಿರುಗಿಸಿ. ಎಡವುವುದು ಎಲ್ಲಿ ಗೊತ್ತೇ? ನಮ್ಮ ಪದಗಳು ಬಹುತೇಕ ವ್ಯಂಜನದಲ್ಲಿ ಶುರುವಾಗಿ ಸ್ವರದಲ್ಲಿ ಮುಗಿಯುತ್ತವೆ, ಹಾಗಾಗಿ ತಿರುಗಿಸಿದಾಗ ವ್ಯಂಜನದಲ್ಲಿ ಮುಗಿಯುತ್ತವೆ. ಕನ್ನಡದ ನಾಲಿಗೆ ಸುಮ್ಮನಿರದು, ‘ಇನೀತ್ರಬ್’ ಎನ್ನುವ ಬದಲು ‘ಇನೀತ್ರಬು’ ಎಂದು ಒಂದು ಉಕಾರ ಸೇರಿಸುತ್ತದೆ. ತಿರುಗಿಸಿದರೆ ‘ಉಬರ್ತೀನಿ’. ಬ, ಪ, ತ, ಕ ಇವುಗಳಲ್ಲಿ ಮೊದಲು ಬಾಯಿ ಮುಚ್ಚಿ ಆಮೇಲೆ ಸಿಡಿಯಬೇಕು, ತಿರುಗಿಸಿದಾಗ ಸಿಡಿತ ಮುಂಚೆ ಬಂದು ಮೌನ ಆಮೇಲೆ ಬರುತ್ತದೆ, ಗಾಳಿ ಒಳಗೆಳೆದುಕೊಂಡ ಹಾಗೆ ಕೇಳುತ್ತದೆ. ವಾಕ್ಯದ ಕೊನೆಗೆ ಇಳಿಯಬೇಕಾದ ದನಿ ಏರುತ್ತದೆ. ಹೆಂಗಸು ‘ನನ್ನ ತೋಳು ಒಮ್ಮೊಮ್ಮೆ ಹಿಂದಕ್ಕೆ ಬಾಗುತ್ತದೆ’ ಎನ್ನುವಾಗ ಈ ಎಲ್ಲವೂ ಅವಳ ಮಾತಿನಲ್ಲಿವೆ.

ಈ ವಿವರ ಇಷ್ಟು ಯಾಕೆಂದರೆ, ಲಾಡ್ಜನ್ನು ಗುರುತಿಸಲು ಪರದೆಯ ಬಣ್ಣಕ್ಕಿಂತ ದನಿ ನಂಬಿಕಸ್ಥ ಸಾಕ್ಷಿ. 2017ರಲ್ಲಿ ಮೊದಲ ದೃಶ್ಯದಲ್ಲೇ, ಎರಡನೆಯ ಸೀಸನ್ನಿನಲ್ಲಿ ಅವನಿಗೆ ಕಾಣಿಸಿಕೊಂಡಿದ್ದ ದೈತ್ಯ ಕೂಪರನಿಗೆ ಗ್ರಾಮಫೋನ್ ತೋರಿಸಿ ಸದ್ದು ಕೇಳಿಸಿಕೋ ಎನ್ನುತ್ತಾನೆ. ನಮಗೂ ಅದೇ ಸೂಚನೆ.

ಕನಸಿನ ಸುಳಿವುಗಳಿಗೆ ಬರೋಣ. ಎದ್ದ ಕೂಡಲೇ ಕೂಪರ್ ಶೆರಿಫ್‌ಗೆ ಫೋನ್ ಮಾಡಿ ಕೊಲೆಗಾರ ಗೊತ್ತಾದ, ಬೆಳಿಗ್ಗೆ ಹೇಳುತ್ತೇನೆ ಎನ್ನುತ್ತಾನೆ. ಬೆಳಿಗ್ಗೆ ಮರೆತುಹೋಗಿರುತ್ತದೆ. ಕನಸು ಒಂದು ಸಂಕೇತ, ಬಿಡಿಸಿದರೆ ಕೊಲೆ ಬಿಡಿಸಿದಂತೆ ಎಂದು ಸಮಾಧಾನ ಹೇಳುತ್ತಾನೆ. ಮತ್ತು ನಿಜವಾಗಿಯೂ ಬಿಡಿಸುತ್ತಾ ಹೋಗುತ್ತಾನೆ. ತೋಳು ಹಿಂದಕ್ಕೆ ಬಾಗುವುದೆಂದರೆ ಅವಳ ಕೈಗಳನ್ನು ಬೆನ್ನ ಹಿಂದೆ ಕಟ್ಟಿದ್ದರು. ‘ನಮ್ಮ ಕಡೆ ಹಕ್ಕಿಗಳು ಚೆಂದದ ಹಾಡು ಹಾಡುತ್ತವೆ’ ಎಂದದ್ದಕ್ಕೆ ವಾಲ್ಡೊ ಎಂಬ ಮೈನಾ ಹಕ್ಕಿ ಸಿಕ್ಕಿತು. ‘ಗಾಳಿಯಲ್ಲಿ ಸದಾ ಸಂಗೀತ’ ಎಂದದ್ದಕ್ಕೆ ಕಾಡಿನ ಗುಡಿಸಲು, ತಾನೇ ಹಾಡುತ್ತಿರುವ ರೆಕಾರ್ಡ್ ಪ್ಲೇಯರ್, ಕಿಟಕಿಗೆ ಕೆಂಪು ಪರದೆ. ‘ನಿನಗಿಷ್ಟದ ಆ ಚೂಯಿಂಗ್ ಗಮ್ ಮತ್ತೆ ಚಾಲ್ತಿಗೆ ಬರುತ್ತದೆ’ ಎಂಬ ಮಾತಿಗೆ ಎರಡನೆಯ ಸೀಸನ್ನಿನವರೆಗೆ ಕಾಯಬೇಕು. ಹೋಟೆಲಿನ ಮುದಿ ವೇಟರ್ ಲಾರಾಳ ತಂದೆ ಲೀಲಂಡ್‌ನ ಎದುರು ಒಂದು ಗಮ್ ತೆಗೆದು ಅದೇ ಸಾಲು ಹೇಳಿದಾಗ, ಕನಸಿನಲ್ಲಿ ಲಾರಾ ಕಿವಿಯಲ್ಲಿ ಉಸುರಿದ್ದು ಕೂಪರನಿಗೆ ನೆನಪಾಗುತ್ತದೆ: ನನ್ನನ್ನು ಕೊಂದದ್ದು ನನ್ನ ತಂದೆ. ಬಾಬ್ ಹೊಕ್ಕಿದ್ದು ಅವನ ಮೈಯನ್ನೇ.

ಇಲ್ಲೇ ವೀಕ್ಷಕರು ಬೀಳುವ ಹಳ್ಳ ಇರುವುದು. ನಾಲ್ಕು ಸುಳಿವು ಬಿಡಿಸಿದ ಮೇಲೆ ಇಡೀ ಕೋಣೆಯೇ ಪದಬಂಧ ಅನ್ನಿಸುತ್ತದೆ. ಪರದೆಯ ಹಿಂದೆ ಹಾದ ಹಕ್ಕಿಯ ನೆರಳಿಗೂ ಗಿಡ್ಡ ಮನುಷ್ಯನ ಕುಣಿತಕ್ಕೂ ಒಂದೊಂದು ಉತ್ತರ ಹುಡುಕಲು ಹೊರಡುತ್ತಾರೆ. ಅವಕ್ಕೆ ಉತ್ತರ ಬರಲಿಲ್ಲ, ಬರಬೇಕಾಗಿಯೂ ಇಲ್ಲ. ಕೂಪರ್ ಬಿಡಿಸಿದ್ದು ಮುಂದಿನ ಘಟನೆ ಬಂದು ಖಚಿತಪಡಿಸಿದ್ದನ್ನು ಮಾತ್ರ. ನಾವೂ ಅಷ್ಟಕ್ಕೇ ನಿಲ್ಲುವುದು ಲೇಸು.

‘ಲಾಡ್ಜ್’ ಎಂಬ ಹೆಸರು ಕನಸಿನಲ್ಲಿ ಎಲ್ಲೂ ಇಲ್ಲ. ಅದರ ಸಿದ್ಧಾಂತ ಪೂರ್ತಿಯಾಗಿ ಬರುವುದು ಎಂಟು ತಿಂಗಳ ನಂತರ, 1990ರ ಡಿಸೆಂಬರ್ 15ರ ಕಂತಿನಲ್ಲಿ, ಡೆಪ್ಯೂಟಿ ಹಾಕ್‌ನ ಬಾಯಲ್ಲಿ. ಮನುಷ್ಯನನ್ನೂ ಪ್ರಕೃತಿಯನ್ನೂ ಆಳುವ ಆತ್ಮಗಳು ಇರುವುದು ವೈಟ್ ಲಾಡ್ಜಿನಲ್ಲಿ. ಅದರ ನೆರಳು ಬ್ಲ್ಯಾಕ್ ಲಾಡ್ಜ್. ಪರಿಪೂರ್ಣತೆಗೆ ಹೊರಟ ಪ್ರತಿ ಆತ್ಮವೂ ಅದನ್ನು ಹಾದು ಹೋಗಬೇಕು, ಅಲ್ಲಿ ತನ್ನದೇ ನೆರಳನ್ನು ಎದುರಿಸಬೇಕು. ತನ್ನ ಜನ ಅದನ್ನು ‘ಹೊಸ್ತಿಲಲ್ಲಿ ಕಾದಿರುವವನು’ ಎನ್ನುತ್ತಾರೆ ಎಂದು ಹಾಕ್ ಹೇಳುತ್ತಾನೆ. ಅರೆಬರೆ ಧೈರ್ಯದಿಂದ ಹೋದರೆ ಆತ್ಮ ಸರ್ವನಾಶ.

ಹಾಕ್ ಅಮೆರಿಕದ ಮೂಲನಿವಾಸಿ. ಆದರೆ ಅವನು ಹೇಳಿದ್ದು ಮೂಲನಿವಾಸಿಗಳ ಪುರಾಣವಲ್ಲ. ಹೊಸ್ತಿಲಲ್ಲಿ ಕಾದಿರುವವನು ಬಂದದ್ದು ಎಡ್ವರ್ಡ್ ಬುಲ್ವರ್-ಲಿಟ್ಟನ್ 1842ರಲ್ಲಿ ಬರೆದ ‘ಝನೋನಿ’ ಎಂಬ ಇಂಗ್ಲಿಷ್ ಕಾದಂಬರಿಯಿಂದ. ಅದನ್ನು ಎತ್ತಿಕೊಂಡು ತತ್ತ್ವ ಮಾಡಿದವರು ಥಿಯಾಸಫಿಸ್ಟರು, ಅಂದರೆ ಗುಪ್ತವಿದ್ಯೆಯ ಬೆನ್ನುಹತ್ತಿದ ಬ್ರಹ್ಮವಿದ್ಯಾ ಸಮಾಜದವರು. ಬಿಳಿ ಲಾಡ್ಜು, ಕಪ್ಪು ಲಾಡ್ಜು ಎಂಬ ಮಾತೂ ಅವರದೇ. ಮುಂದೆ ಖಳನಾಯಕ ವಿಂಡಮ್ ಅರ್ಲ್ ಹೇಳುವ ‘ದುಗ್ಪಾ’ ಎಂಬ ಮಾಟಗಾರರೂ ಅದೇ ಮೂಟೆಯಿಂದ ಬಂದವರು. ಹಿಮಾಲಯದ ಒಂದು ಬೌದ್ಧ ಪಂಥದ ಹೆಸರನ್ನು ಆ ಸಮಾಜ ಕಟ್ಟಿದ ಮೇಡಂ ಬ್ಲಾವಟ್ಸ್ಕಿಯ ಬಳಗ ದುಷ್ಟರ ಹೆಸರಾಗಿ ಮಾಡಿಬಿಟ್ಟಿತು. ಧಾರಾವಾಹಿಯಲ್ಲಿ ಈ ಸರಕು ತಂದವರು ಮಾರ್ಕ್ ಫ್ರಾಸ್ಟ್.

ಥಿಯಾಸಫಿ ನಮಗೆ ದೂರದ ವಿಷಯವಲ್ಲ. 1875ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಸೊಸೈಟಿ 1882ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು ನೆಲೆಸಿತು. ಬೆಂಗಳೂರಿನ ಬಸವನಗುಡಿಯಲ್ಲಿ 1945ರಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಕಟ್ಟಿದ ಬಿ.ಪಿ. ವಾಡಿಯಾ ಥಿಯಾಸಫಿಸ್ಟರೇ. ನಮ್ಮ ಗ್ರಂಥಗಳಿಂದ ಒಂದಷ್ಟು ಹೋಗಿ, ಲಂಡನ್ನಿನಲ್ಲಿ ಬೆಂದು, ಅಡ್ಯಾರಿಗೆ ವಾಪಸ್ ಬಂದು, ಅಲ್ಲಿಂದ ಹಾಲಿವುಡ್ಡಿಗೆ ಹೋಗಿ ಒಬ್ಬ ಡೆಪ್ಯೂಟಿಯ ಅಜ್ಜಂದಿರ ನಂಬಿಕೆಯಾಗಿ ಕೂತಿತು. ಹಾಕ್‌ನ ಬಾಯಿಗೆ ಅದನ್ನು ಹಾಕಿದ್ದು ಧಾರಾವಾಹಿಯ ದೋಷ ಎಂದೇ ನನ್ನ ಅಭಿಪ್ರಾಯ. ಹಿಂದಿನವರು ತಮ್ಮ ಕಲ್ಪನೆಯ ಮಹಾತ್ಮರನ್ನೆಲ್ಲ ಟಿಬೆಟ್ಟಿನಲ್ಲಿ ಕೂರಿಸಿದ ಅಭ್ಯಾಸವೇ ಇಲ್ಲೂ ಮುಂದುವರಿದಿದೆ.

ಹೀಗೆ ಲಾಡ್ಜಿಗೆ ಇಬ್ಬರು ತಂದೆಯರು. ಕೋಣೆ, ದನಿ, ಕುಣಿತ ಲಿಂಚ್‌ನದು. ಹೆಸರು, ನಕ್ಷೆ, ಗ್ರಹಗತಿ ಫ್ರಾಸ್ಟ್‌ನದು. ಎರಡೂ ಕೂಡಿದ್ದು 1991ರ ಜೂನ್ 10ರ ಕೊನೆಯ ಕಂತಿನಲ್ಲಿ. ಬರೆದಿಟ್ಟ ಚಿತ್ರಕತೆಯಲ್ಲಿ ಬ್ಲ್ಯಾಕ್ ಲಾಡ್ಜ್ ಬೇರೆಯೇ ತರಹ ಇತ್ತು, ಕೆಂಪು ಕೋಣೆ ಇರಲಿಲ್ಲ. ನಿರ್ದೇಶನಕ್ಕೆ ಮರಳಿದ ಲಿಂಚ್ ಸೆಟ್ಟಿನಲ್ಲಿ ಆ ಪುಟಗಳನ್ನು ಪಕ್ಕಕ್ಕಿಟ್ಟು ಹಳೆಯ ಪರದೆಗಳನ್ನು ಕಟ್ಟಿಸಿದರು. ಕೆಂಪು ಕೋಣೆಯೇ ಬ್ಲ್ಯಾಕ್ ಲಾಡ್ಜೋ ಅದರ ಜಗುಲಿಯೋ ಎಂಬ ಗೊಂದಲ ಆವತ್ತಿನಿಂದ ಶುರುವಾದದ್ದು. ಗಿಡ್ಡ ಮನುಷ್ಯ ಅಲ್ಲಿ ‘ಇದು ಕಾಯುವ ಕೋಣೆ’ ಎನ್ನುತ್ತಾನೆ. ನಾನು ಅವನ ಮಾತನ್ನೇ ನಂಬುತ್ತೇನೆ.

ಆ ಕಂತಿನ ಪ್ರವೇಶವಿಧಿಯನ್ನು ಗಮನಿಸಿ. ಸ್ಥಳ: ಗೋಸ್ಟ್‌ವುಡ್ ಕಾಡಿನ ಗ್ಲಾಸ್ಟನ್‌ಬರಿ ತೋಪು. ಹನ್ನೆರಡು ಸಿಕಮೋರ್ ಗಿಡಗಳು ವೃತ್ತವಾಗಿ ನಿಂತಿವೆ, ನಡುವೆ ಒಂದು ಸಣ್ಣ ಗುಂಡಿಯಲ್ಲಿ ಕಪ್ಪು ಎಣ್ಣೆ. ಕಾಲ: ಗುರು–ಶನಿ ಒಂದಾಗುವ ಹೊತ್ತು. ಕೀಲಿ: ಭಯ. ವೈಟ್ ಲಾಡ್ಜಿಗಾದರೆ ಪ್ರೀತಿ. ನಕ್ಷೆ ಇದ್ದದ್ದು ಗೂಬೆ ಗುಹೆಯ ಗೋಡೆಯಲ್ಲಿ, ಅದು ನಕ್ಷೆಯೆಂದು ಹೊಳೆದದ್ದು ಊರಿಗೆಲ್ಲ ಪೆದ್ದನೆನಿಸಿದ ಆ್ಯಂಡಿಗೆ. ಇದರಲ್ಲಿ ಎರಡು ಸೂಕ್ಷ್ಮ ಇದೆ. ಒಂದು, ಮೊದಲ ಕಂತಿನಲ್ಲಿ ಕೂಪರ್ ಈ ಅದ್ಭುತ ಮರಗಳು ಯಾವುವು ಎಂದು ಕೇಳಿದ್ದಕ್ಕೆ ಶೆರಿಫ್ ಡಗ್ಲಸ್ ಫರ್ ಎಂದಿದ್ದ. ಸಿಕಮೋರ್ ಆ ಕಾಡಿನಲ್ಲಿ ತಾನಾಗಿ ಬೆಳೆಯುವ ಮರವೇ ಅಲ್ಲ. ತೋಪು ಹೊರಗಿನಿಂದ ಬಂದು ನಾಟಿಕೊಂಡಂತಿದೆ. ಇನ್ನೊಂದು, ಆ ಎಣ್ಣೆ. ಸುಟ್ಟ ಇಂಜಿನ್ ಎಣ್ಣೆಯ ವಾಸನೆ ಬಂತೆಂದು ಆಸ್ಪತ್ರೆಯಲ್ಲಿ ಕೊಲೆ ನಡೆದಾಗ ಪಕ್ಕದ ಮಂಚದಲ್ಲಿದ್ದ ಡಾಕ್ಟರ್ ಜಕೋಬಿ ಹಿಂದೆಯೇ ಹೇಳಿದ್ದ. ಎಣ್ಣೆಯ ಶೀಶೆ ಮೂಸಿ ನೋಡಿ ನಡುಗಿದವಳು ಲಾರಾ ಜೊತೆ ಸಿಕ್ಕಿಬಿದ್ದು ಬದುಕಿ ಬಂದ ರೋನೆಟ್. ಬಾಗಿಲು ತೆರೆದಾಗ ಮೂಗಿಗೆ ಮೊದಲು ಗೊತ್ತಾಗುತ್ತದೆ.

ಒಳಗೆ ಹೋದ ಕೂಪರನ ಕೈಲಿ ಕಾಫಿ ಕಪ್ಪು. ಬಗ್ಗಿಸಿದರೆ ಗಟ್ಟಿಯಾಗಿದೆ. ಮತ್ತೆ ಬಗ್ಗಿಸಿದರೆ ಚೆಲ್ಲುತ್ತದೆ. ಮೂರನೆಯ ಸಲ ಎಣ್ಣೆಯಂತೆ ಮಂದವಾಗಿ ಇಳಿಯುತ್ತದೆ. ಕಾಲ ಇಲ್ಲಿ ಕೆಟ್ಟಿದೆ ಎಂದು ಒಂದು ಮಾತೂ ಇಲ್ಲದೆ ತೋರಿಸಿದ್ದು ಹೀಗೆ. ಪಡಸಾಲೆ ದಾಟಿದರೆ ಮೊದಲಿನಂಥದೇ ಕೋಣೆ, ತಪ್ಪು ಕಡೆ ಹೋದರೆ ‘ತಪ್ಪು ದಾರಿ’ ಎನ್ನುವ ಗಿಡ್ಡ ಮನುಷ್ಯ, ಕಣ್ಣುಗುಡ್ಡೆ ಬೆಳ್ಳಗಾದ ಪ್ರತಿರೂಪಗಳು. ವಿಂಡಮ್ ಅರ್ಲ್ ಎಡವಿದ್ದೂ ಇಲ್ಲೇ. ತಾನು ಎಳೆತಂದ ಕೂಪರನ ಪ್ರೇಯಸಿ ಆ್ಯನಿಯನ್ನು ಬಿಡುತ್ತೇನೆ, ನಿನ್ನ ಆತ್ಮ ಕೊಡು ಎಂದು ಕೂಪರನನ್ನು ಕೇಳುತ್ತಾನೆ. ಬಾಬ್ ಅಡ್ಡ ಬಂದು ಆತ್ಮ ಕೇಳುವ ಹಕ್ಕು ಇವನಿಗಿಲ್ಲ ಎಂದು ಅರ್ಲ್‌ನ ಆತ್ಮವನ್ನೇ ಕಿತ್ತುಕೊಳ್ಳುತ್ತಾನೆ. ಅಂದರೆ ಅಲ್ಲಿಯೂ ಕಾನೂನು ಇದೆ, ಪುಸ್ತಕ ಓದಿ ಬಂದವನಿಗೆ ಅದು ತಿಳಿದಿರಲಿಲ್ಲ. ಕೂಪರನ ತಪ್ಪು? ತನ್ನ ನೆರಳು ಎದುರಾದಾಗ ಓಡುತ್ತಾನೆ. ಹಾಕ್ ಹೇಳಿದ ಅರೆಬರೆ ಧೈರ್ಯ ಇದು. ನೆರಳು ಅವನಿಗಿಂತ ಮುಂಚೆ ಹೊರಬೀಳುತ್ತದೆ, ಬಾಬ್‌ನನ್ನು ಹೊತ್ತುಕೊಂಡು.

ಇಲ್ಲಿಂದ ಮುಂದೆ ಬಾಗಿಲುಗಳು ಹೆಚ್ಚುತ್ತಾ ಹೋಗುತ್ತವೆ. 1992ರ ಚಿತ್ರದಲ್ಲಿ ಒಂದು ಚೌಕಟ್ಟು ಹಾಕಿದ ಪಟ ಇದೆ, ಅರೆತೆರೆದ ಬಾಗಿಲಿನ ಕೋಣೆಯದು. ಶ್ರೀಮತಿ ಟ್ರೆಮಂಡ್ ಎಂಬ ಮುದುಕಿ ಕೊಟ್ಟ ಪಟ, ಲಾರಾ ಗೋಡೆಗೆ ತೂಗುಹಾಕಿ ಮಲಗಿದರೆ ಅದರೊಳಗೇ ನಡೆಯುತ್ತಾಳೆ. ಹಸಿರು ಕಲ್ಲಿನ ಉಂಗುರ ಇನ್ನೊಂದು ಬಾಗಿಲು. ಅದನ್ನು ತೊಟ್ಟವಳ ದೇಹಕ್ಕೆ ಬಾಬ್ ಹೋಗಲಾರ, ಆದರೆ ಅವಳು ಸಾಯುತ್ತಾಳೆ. ಚಿತ್ರ ಬಾಬ್ ಬಳಗದ ಊಟವನ್ನೂ ಹೇಳಿತು. ಗಾರ್ಮನ್‌ಬೋಝಿಯಾ, ಅಂದರೆ ನೋವು ಮತ್ತು ಸಂಕಟ. ಕಾಣಲು ಕೆನೆಯಲ್ಲಿ ಬೇಯಿಸಿದ ಜೋಳದ ಕಾಳು. ಹಿಂತಿರುಗಿ ನೋಡಿದರೆ 1990ರಲ್ಲೇ ಅದೇ ಟ್ರೆಮಂಡ್ ಮುದುಕಿ ತಟ್ಟೆಯಲ್ಲಿದ್ದ ಆ ಜೋಳ ಬೇಡ ಅಂದಿದ್ದಳು, ಅದು ಮೊಮ್ಮಗನ ಬೊಗಸೆಗೆ ಹಾರಿತ್ತು. ಆಗ ಅದೊಂದು ಚಮತ್ಕಾರ. ಈಗ ಅದು ಅವಳ ಪಥ್ಯ.

2017ರ ಹದಿನೆಂಟು ಭಾಗಗಳಲ್ಲಿ ಮುಖ್ಯ ಬಾಗಿಲು ವಿದ್ಯುತ್ತು. ಕೂಪರ್ ಇಪ್ಪತ್ತೈದು ವರ್ಷದ ಮೇಲೆ ಹೊರಬರುವುದು ಗೋಡೆಯ ಪ್ಲಗ್ ಪಾಯಿಂಟಿನಿಂದ. ಮೂರನೆಯ ಭಾಗದಲ್ಲಿ ನೇರಳೆ ಸಮುದ್ರದ ನಡುವಿನ ಒಂದು ಕೋಣೆಗೆ ಬೀಳುತ್ತಾನೆ. ಗೋಡೆಯಲ್ಲಿ ದೊಡ್ಡ ಸಾಕೆಟ್, ಮೇಲೆ 15 ಎಂಬ ಅಂಕಿ. ನೈಡೊ ಎಂಬ ಕಣ್ಣಿಲ್ಲದ ಹೆಂಗಸು ಅಲ್ಲಿಗೆ ಹೋಗಬೇಡವೆಂದು ತಡೆಯುತ್ತಾಳೆ, ಚಾವಣಿಗೆ ಹತ್ತಿ ಸನ್ನೆಗೋಲು ಎಳೆದು ತಾನು ಬಾಹ್ಯಾಕಾಶಕ್ಕೆ ಬೀಳುತ್ತಾಳೆ. ಕೆಳಗೆ ಬಂದರೆ ಅಂಕಿ 3 ಆಗಿದೆ, ಗಡಿಯಾರದಲ್ಲಿ 2:53. ಆಗ ಅವನನ್ನು ಸಾಕೆಟ್ ಎಳೆದುಕೊಳ್ಳುತ್ತದೆ. ಬೂಟುಗಳು ಮಾತ್ರ ಒಳಗೆ ಬರದೆ ಉದುರುತ್ತವೆ. ಅದೇ ನಿಮಿಷದಲ್ಲಿ ಕಾರು ಓಡಿಸುತ್ತಿರುವ ಅವನ ನೆರಳನ್ನು ಸಿಗರೇಟ್ ಲೈಟರಿನ ತೂತು ವಾಪಸ್ ಎಳೆಯಲು ನೋಡುತ್ತದೆ, ಅವನು ವಾಂತಿ ಮಾಡಿಕೊಂಡರೂ ಉಳಿದುಬಿಡುತ್ತಾನೆ. 3 ಮತ್ತು 15 ಸೇರಿದರೆ 315, ಗ್ರೇಟ್ ನಾರ್ದರ್ನ್ ಹೋಟೆಲಿನಲ್ಲಿ ಅವನಿದ್ದ ಕೋಣೆ. ಆ ಕೋಣೆಯ ಹಳೆಯ ಕೀಲಿಯೇ ಹದಿನೇಳನೆಯ ಭಾಗದಲ್ಲಿ ಹೋಟೆಲಿನ ನೆಲಮಾಳಿಗೆಯ ಬಾಗಿಲು ತೆರೆಯುತ್ತದೆ. ಲೆಕ್ಕದ ಮೋಜು ಇಷ್ಟು ಸಾಕು, ಸಂಖ್ಯೆಗಳ ಹಿಂದೆ ಬಿದ್ದು ಕಳೆದುಹೋದವರು ಬಹಳ.

ಹಾಕ್‌ನ ಚರ್ಮದ ನಕ್ಷೆಯಲ್ಲಿ ಬೆಂಕಿಯ ಗುರುತಿದೆ. ಇದು ಬೆಂಕಿಯೇ ಆದರೆ ಈಗಿನ ವಿದ್ಯುತ್ತಿನಂಥದ್ದು ಎಂದು ಅವನು ವಿವರಿಸುತ್ತಾನೆ. ಹಳೆಯ ‘ಬೆಂಕಿಯೇ, ನನ್ನೊಡನೆ ನಡೆ’ ಎಂಬ ಪದ್ಯ ಹೀಗೆ ತಂತಿಗೆ ಬಂತು. ಅಮೆರಿಕದ ವಿದ್ಯುತ್ ಸೆಕೆಂಡಿಗೆ 60 ಆವರ್ತ ಮುಗಿಸುತ್ತದೆ, ನಮ್ಮದು 50. ಟ್ರಾನ್ಸ್‌ಫಾರ್ಮರ್ ಅದರ ಇಮ್ಮಡಿಯಲ್ಲಿ, ಅಂದರೆ ಅವರಲ್ಲಿ 120ರಲ್ಲಿ, ನಮ್ಮಲ್ಲಿ 100ರಲ್ಲಿ ಗುಂಯ್ ಎನ್ನುತ್ತದೆ. ನಮ್ಮದನ್ನು ಷಡ್ಜ ಎಂದುಕೊಂಡರೆ ಅವರದು ಸಾಧಾರಣ ಗಾಂಧಾರ. ಮನೆಯ ಟ್ರಾನ್ಸ್‌ಫಾರ್ಮರಿಗೆ ಶ್ರುತಿ ಹಿಡಿದ ಕಿವಿಗೆ ಅಲ್ಲಿನ ಗುಂಯ್‌ಕಾರ ಮೊದಲೇ ಪರಸ್ಥಳದ್ದು.

ಎಂಟನೆಯ ಭಾಗ 2017ರ ಜೂನ್ 25ರಂದು ಬಂತು. ಪರದೆಯ ಮೇಲೆ ಜುಲೈ 16, 1945, ನ್ಯೂಮೆಕ್ಸಿಕೊ, ಬೆಳಗಿನ ಜಾವ 5:29. ಮೊದಲ ಅಣುಬಾಂಬಿನ ಪರೀಕ್ಷೆ. ಕ್ಯಾಮೆರಾ ನಿಧಾನವಾಗಿ ಆ ಅಣಬೆ ಮೋಡದ ಒಳಗೇ ಹೋಗುತ್ತದೆ, ಹಿನ್ನೆಲೆಯಲ್ಲಿ ಪೋಲೆಂಡಿನ ಸಂಗೀತಕಾರ ಪೆಂಡೆರೆಟ್ಸ್ಕಿ ಹಿರೋಶಿಮಾದ ಬಲಿಗಳಿಗೆಂದು 52 ತಂತಿವಾದ್ಯಗಳಿಗೆ ಬರೆದ ಶೋಕಗೀತೆ. ಒಳಗೆ ಕನ್ವೀನಿಯನ್ಸ್ ಸ್ಟೋರ್, ಹೊಗೆ, ಕರಿಮೆತ್ತಿದ ಮನುಷ್ಯರು. ಒಂದು ಆಕೃತಿ ಮೊಟ್ಟೆಗಳನ್ನು ಕಾರುತ್ತದೆ, ಒಂದು ಗೋಳದಲ್ಲಿ ಬಾಬ್‌ನ ಮುಖ. ಸಮುದ್ರದ ನಡುವಿನ ಕೋಟೆಯಲ್ಲಿ ದೈತ್ಯ ಇದನ್ನು ನೋಡಿ, ತನ್ನ ತಲೆಯಿಂದ ಒಂದು ಬಂಗಾರದ ಗೋಳ ಹೊರಡಿಸುತ್ತಾನೆ, ಅದರಲ್ಲಿ ಲಾರಾಳ ಮುಖ.

ಬಾಂಬು ಬಾಬ್‌ನನ್ನು ಹುಟ್ಟಿಸಿತು ಎಂದು ಬರೆದವರು ಬಹಳ. ನನಗೆ ಹಾಗೆ ಕಾಣುವುದಿಲ್ಲ. ಇಲ್ಲಿಯವರೆಗೆ ನೋಡಿದ ಭಯ, ಉಂಗುರ, ಪಟ, ಸಾಕೆಟ್ ಎಲ್ಲವೂ ಬಾಗಿಲುಗಳು, ಯಾವುದೂ ಆಚೆಯವರನ್ನು ಹುಟ್ಟಿಸಲಿಲ್ಲ. ಬಾಂಬು ಮನುಷ್ಯ ಮಾಡಿದ ಅತಿ ದೊಡ್ಡ ಬಾಗಿಲು. ಉಳಿದವು ಒಬ್ಬರು ದಾಟುವಷ್ಟು ಅಗಲ, ಇದು ಮುಚ್ಚಲು ಬಾರದಷ್ಟು ಅಗಲ. ದೈತ್ಯನ ಹೆಸರು ಫೈರ್‌ಮನ್, ಅಗ್ನಿಶಾಮಕ ಎಂದು ಹದಿನಾಲ್ಕನೆಯ ಭಾಗದಲ್ಲಿ ತಿಳಿಯುತ್ತದೆ. ಕೆಲಸ ಹೆಸರಿನಲ್ಲೇ ಇದೆ.

ಅದೇ ಭಾಗದಲ್ಲಿ ಲಿಂಚ್ ತಾವೇ ವಹಿಸಿದ ಗಾರ್ಡನ್ ಕೋಲ್ ಪಾತ್ರ ಒಂದು ಕನಸು ಹೇಳುತ್ತದೆ. ಪ್ಯಾರಿಸ್ಸಿನಲ್ಲಿ ನಟಿ ಮೋನಿಕಾ ಬೆಲೂಚಿ ಅವನಿಗೆ ಒಂದು ಪುರಾತನ ಮಾತು ನೆನಪಿಸುತ್ತಾಳೆ: ನಾವು ಕನಸು ಕಂಡು ಆ ಕನಸಿನೊಳಗೇ ಬದುಕುವವರಂತೆ. ಆಮೇಲೆ, ಆದರೆ ಕನಸು ಕಾಣುತ್ತಿರುವವರು ಯಾರು? ಇದು ಉಪನಿಷತ್ತಿನ ಕಡೆಯಿಂದ ಬಂದದ್ದು. ಲಿಂಚ್ 1973ರಿಂದ ಮಹರ್ಷಿ ಮಹೇಶ ಯೋಗಿಯವರ ಧ್ಯಾನಪದ್ಧತಿ ಹಿಡಿದವರು. 2006ರ ‘ಇನ್‌ಲ್ಯಾಂಡ್ ಎಂಪೈರ್’ ಚಿತ್ರದ ಪ್ರದರ್ಶನಗಳ ಮುಂಚೆ ಇದೇ ಮಾತನ್ನು, ಜೊತೆಗೆ ತಾನೇ ನೇಯ್ದ ಬಲೆಯಲ್ಲಿ ಓಡಾಡುವ ಜೇಡದ ಮಾತನ್ನು ಹೇಳುತ್ತಿದ್ದರು.

ಜೇಡ ಮತ್ತು ಕನಸು ಜೊತೆಯಾಗಿ ಬರುವುದು ಬೃಹದಾರಣ್ಯಕದ ಎರಡನೆಯ ಅಧ್ಯಾಯದಲ್ಲಿ. ಬ್ರಹ್ಮ ಹೇಳಿಕೊಡುತ್ತೇನೆ ಎಂದು ಬಂದ ಗರ್ವಿಷ್ಠ ಬಾಲಾಕಿಯನ್ನು ಕಾಶಿಯ ರಾಜ ಅಜಾತಶತ್ರು ಮಲಗಿದ್ದ ಒಬ್ಬನ ಹತ್ತಿರ ಕರೆದೊಯ್ಯುತ್ತಾನೆ. ದೊಡ್ಡ ದೊಡ್ಡ ಹೆಸರಿನಿಂದ ಕರೆದರೂ ಅವನು ಏಳುವುದಿಲ್ಲ. ಕೈಯಿಂದ ತಟ್ಟಿದಾಗ ಏಳುತ್ತಾನೆ. ಆಗ ರಾಜ ಕೇಳಿದ್ದು, ಏನು ಕನಸು ಬಿತ್ತು, ಅದರ ಅರ್ಥವೇನು ಎಂದಲ್ಲ. ಮಲಗಿದ್ದಾಗ ಇವನು ಎಲ್ಲಿದ್ದ, ಎಲ್ಲಿಂದ ಬಂದ ಎಂದು. ಬಾಲಾಕಿಗೆ ಗೊತ್ತಿರಲಿಲ್ಲ.

ಈ ಧಾರಾವಾಹಿಗೆ ಹಾಕಬೇಕಾದ ಪ್ರಶ್ನೆಯೂ ಅದೇ. ‘ಎಲ್ಲ ಕನಸು, ಎಲ್ಲ ಮಾಯೆ’ ಎಂದು ಮುಗಿಸುವುದು ನಮ್ಮವರಿಗೆ ಬಹಳ ಸುಲಭ, ಬಾಯಿಗೆ ಬಂದೇ ಇರುತ್ತದೆ. ಹಾಗೆ ಅಂದರೆ ಒಂದು ಕಂತಿನ ಕನಸು ಇನ್ನೊಂದು ಕಂತಿನ ಮೈನಾ ಹಕ್ಕಿ ಆಗುವುದು ಯಾಕೆಂದು ಹೇಳಲಾಗುವುದಿಲ್ಲ. ಕಾಡಿನಲ್ಲಿರುವ ಜ್ಯಾಕ್ ರ್‍ಯಾಬಿಟ್ಸ್ ಪ್ಯಾಲೇಸ್ ಎಂಬ ಜಾಗದಿಂದ ಪೂರ್ವಕ್ಕೆ 253 ಗಜ ಹೋಗಬೇಕು, ಹೊರಡುವ ಮುಂಚೆ ಜೇಬಿಗೆ ಆ ಜಾಗದ ಮಣ್ಣು ಹಾಕಿಕೊಳ್ಳಬೇಕು ಎಂದು ಊರಿನಲ್ಲಿದ್ದು ಸತ್ತುಹೋದ ವಾಯುಪಡೆ ಅಧಿಕಾರಿ ಮೇಜರ್ ಬ್ರಿಗ್ಸ್ ಚೀಟಿ ಬಿಟ್ಟುಹೋದದ್ದು ಯಾಕೆಂದೂ ಹೇಳಲಾಗುವುದಿಲ್ಲ. ಇವು ಪ್ರಯಾಣಿಕನಿಗೆ ಕೊಟ್ಟ ಸೂಚನೆಗಳು. ಮಾಯೆಗೆ ಇಷ್ಟೊಂದು ಗಜದ ಲೆಕ್ಕ ಬೇಕಿಲ್ಲ.

ಕೊನೆಯ ಭಾಗದ ದಾಟುವಿಕೆಯನ್ನು ಈ ಕ್ರಮದಲ್ಲೇ ನೋಡಿ. ಕೂಪರ್ ಮತ್ತು ಅವನ ಹಳೆಯ ಕಾರ್ಯದರ್ಶಿ ಡಯಾನ್ ಸರಿಯಾಗಿ 430 ಮೈಲಿ ಓಡಿಸಿ ಹೈಟೆನ್ಷನ್ ತಂತಿಗಳ ಕೆಳಗೆ ಕಾರು ನಿಲ್ಲಿಸುತ್ತಾರೆ. ಮುತ್ತಿಟ್ಟು ಮುಂದೆ ಹೋಗುತ್ತಾರೆ, ಹಗಲು ರಾತ್ರಿಯಾಗುತ್ತದೆ. ಬೆಳಿಗ್ಗೆ ಮೋಟೆಲ್ ಬೇರೆ, ಕಾರು ಬೇರೆ, ಲಿಂಡಾ ಎಂಬವಳು ರಿಚರ್ಡ್ ಎಂಬವನಿಗೆ ಬರೆದಿಟ್ಟ ಪತ್ರ. ದೈತ್ಯ ಮೊದಲ ದೃಶ್ಯದಲ್ಲಿ ಹೇಳಿದ ಸಂಖ್ಯೆಯೂ ಹೆಸರುಗಳೂ ಇವೇ. ಟೆಕ್ಸಸ್‌ನ ಒಡೆಸ್ಸಾದಲ್ಲಿ ಲಾರಾಳ ಮುಖದ ಹೆಂಗಸು ಸಿಗುತ್ತಾಳೆ, ಹೆಸರು ಕ್ಯಾರಿ ಪೇಜ್. ಕೆಂಪು ಪರದೆ ಇಲ್ಲ, ಹಿಮ್ಮುಖ ಮಾತಿಲ್ಲ, ಬಹುತೇಕ ಸಂಗೀತವೂ ಇಲ್ಲ. ಲಾಡ್ಜಿನ ಗುರುತು ಒಂದೂ ಇಲ್ಲದ್ದರಿಂದ ಇದೇ ನಿಜಲೋಕ ಎಂದು ಹೇಳುವವರಿದ್ದಾರೆ. ಆದರೆ ಲಾರಾಳ ಮನೆ ಬಾಗಿಲು ತಟ್ಟಿದಾಗ ಹೊರಬಂದವಳು ತನ್ನ ಹೆಸರು ಟ್ರೆಮಂಡ್ ಎನ್ನುತ್ತಾಳೆ, ಮನೆ ಮಾರಿದವರು ಚಾಲ್‌ಫಂಟ್ ಎನ್ನುತ್ತಾಳೆ. ಎರಡೂ ಆ ಪಟದ ಮುದುಕಿಯ ಹೆಸರುಗಳು. ಮನೆ ಯಾರ ಕೈಗೆ ಹೋಗಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ದಾಖಲೆ ಬೇಕೆ? ಇದು ಯಾವ ವರ್ಷ ಎಂದು ಕೂಪರ್ ಕೇಳುತ್ತಾನೆ. ದೂರದಿಂದ ತಾಯಿಯ ದನಿ ‘ಲಾರಾ’ ಎಂದು ಕರೆದದ್ದು ಸಣ್ಣಗೆ ಕೇಳುತ್ತದೆ, ಕ್ಯಾರಿ ಕಿರುಚುತ್ತಾಳೆ, ಮನೆಯ ದೀಪಗಳೆಲ್ಲ ಒಮ್ಮೆಲೇ ಹೋಗುತ್ತವೆ. ಬಂದ ಬಾಗಿಲು ವಿದ್ಯುತ್ತಿನದು, ಈಗ ವಿದ್ಯುತ್ತೇ ಇಲ್ಲ. ಕೂಪರನಿಗೆ ವಾಪಸ್ ದಾರಿ ಮುಚ್ಚಿತು ಎಂದು ನಾನು ಓದುತ್ತೇನೆ. ಲಾರಾ ಎಚ್ಚರವಾದಳು ಎಂದು ಓದುವವರೂ ಇದ್ದಾರೆ, ಆ ಓದಿಗೂ ಆಧಾರ ಇದೆ.

ನೋಡಬೇಕೆಂದು ಹೊರಡುವವರಿಗೆ ಕ್ರಮ ಹೇಳಿಬಿಡುತ್ತೇನೆ. ಮೊದಲ ಎರಡು ಸೀಸನ್ನಿನ 30 ಕಂತು, ಆಮೇಲೆ 1992ರ ಚಿತ್ರ, ಆಮೇಲೆ 18 ಭಾಗ. ಚಿತ್ರದಲ್ಲಿ ಲಾರಾಳ ಕೊನೆಯ ಏಳು ದಿನದ ಕತೆ ಇದೆ ಎಂದು ಅದನ್ನು ಮೊದಲು ನೋಡಬೇಡಿ, ಕೊಲೆಗಾರ ಬಯಲಾಗುತ್ತಾನೆ. ಪೈಲಟ್ ಹಾಕುವಾಗ ಅದು ಯುರೋಪಿನ ಆವೃತ್ತಿಯೇ ಎಂದು ಪರೀಕ್ಷಿಸಿ, ಸುಮಾರು ಇಪ್ಪತ್ತು ನಿಮಿಷ ಉದ್ದ ಇರುತ್ತದೆ, ಅದರ ಕೊನೆ ಎಲ್ಲ ಕೆಡಿಸುತ್ತದೆ. ಲೀಲಂಡ್ ಸತ್ತ ಮೇಲೆ ಎರಡನೆಯ ಸೀಸನ್ ಐದಾರು ಕಂತು ಎಳೆಯುತ್ತದೆ, ಜೇಮ್ಸ್ ಬೈಕ್ ಹತ್ತಿ ಊರು ಬಿಡುವ ಉಪಕತೆಯನ್ನು ಓಡಿಸಿಕೊಂಡು ಹೋದರೆ ನಷ್ಟವಿಲ್ಲ. ಆದರೆ ಮೇಜರ್ ಬ್ರಿಗ್ಸ್ ಕಾಣುವ ದೃಶ್ಯ ಬಿಡಬೇಡಿ, ವೈಟ್ ಲಾಡ್ಜಿನ ಬಗ್ಗೆ ನಮಗಿರುವ ಸಾಕ್ಷಿ ಅವನೊಬ್ಬನೇ ಎಂಬಷ್ಟು ಕಡಿಮೆ. ಮೊಬೈಲ್ ಸ್ಪೀಕರಿನಲ್ಲಂತೂ ನೋಡಲೇಬೇಡಿ. 100 ಹರ್ಟ್ಸ್ ಆಸುಪಾಸಿನ ಗುಂಯ್‌ಕಾರ ಅದರಲ್ಲಿ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ, ಬಾಗಿಲು ತೆರೆಯುವ ಸದ್ದನ್ನೇ ಕಳೆದುಕೊಂಡಿರುತ್ತೀರಿ. ಇಯರ್‌ಫೋನ್ ಇದ್ದರೆ ಸಾಕು.